ಓಡಿದರೆ ಕಂಪ್ಯೂಟರ್, ನಿಂತರೆ ಬೀರು

ಎರಡು ಸಂಖ್ಯೆಗಳನ್ನು ಗುಣಿಸಲು ಐದರಿಂದ ಹತ್ತು ಸೆಕೆಂಡು ತೆಗೆದುಕೊಳ್ಳುವ ಕಂಪ್ಯೂಟರ್ ಒಂದಿದೆ. ಅದನ್ನು ನೋಡಲು ಜನ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ. ಎರಡೂವರೆ ಟನ್ ತೂಕ, ಆಳೆತ್ತರದ ಚೌಕಟ್ಟು, ಹಿಂಬದಿಯಲ್ಲಿ ಕಣ್ಣು ತಿರುಗುವಷ್ಟು ತಂತಿ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನ ಬ್ಲೆಚ್ಲಿ ಪಾರ್ಕ್ ಆವರಣದಲ್ಲಿ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್ ಎಂಬ ವಸ್ತುಸಂಗ್ರಹಾಲಯವಿದೆ. ಈ ಯಂತ್ರ ಅಲ್ಲಿಯದು. ಹುಟ್ಟುಹೆಸರು ಹಾರ್ವೆಲ್ ಡೆಕಾಟ್ರಾನ್; ಆಮೇಲೆ ಅಂಟಿಕೊಂಡ ಹೆಸರು ವಿಚ್, ಅಂದರೆ ಮಾಟಗಾತಿ.

ಡೆಕಾಟ್ರಾನ್ ಎಂದರೆ ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆ. ಅದರ ನೆತ್ತಿಯ ಮೇಲೆ ದುಂಡಗೆ ಹತ್ತು ಸ್ಥಾನಗಳು. ಒಂದು ಕಿತ್ತಳೆ ಬಣ್ಣದ ಬೆಳಕಿನ ಚುಕ್ಕಿ ಆ ಹತ್ತರಲ್ಲಿ ಎಲ್ಲಿ ನಿಂತಿದೆಯೋ ಅದೇ ಅಂಕಿ. ಇಂಥ 828 ಕೊಳವೆಗಳು ಈ ಯಂತ್ರದಲ್ಲಿವೆ. ಎಂಟು ಅಂಕಿಯ ಸಂಖ್ಯೆಯೊಂದನ್ನು ಅದು ಎಲ್ಲಿ ಇಟ್ಟುಕೊಂಡಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸಬಹುದು: ಸಾಲಾಗಿ ಎಂಟು ಕೊಳವೆ, ಎಂಟು ಚುಕ್ಕಿ. ಕೂಡುವ ಲೆಕ್ಕ ಶುರುವಾದರೆ ಚುಕ್ಕಿಗಳು ಗಿರ್ರನೆ ಸುತ್ತುತ್ತವೆ; ಒಂದು ಕೊಳವೆ ಒಂಬತ್ತನ್ನು ದಾಟಿದ ಕೂಡಲೇ ಪಕ್ಕದ್ದು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರೈಮರಿ ಸ್ಕೂಲಿನ ‘ಕೈಲಿ ಒಂದು’ ಲೆಕ್ಕ ಕಣ್ಣೆದುರಿಗೇ ನಡೆಯುತ್ತದೆ. ಜೊತೆಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ರಿಲೇಗಳ ಕಟಕಟ ಸದ್ದು, ಆದೇಶಗಳನ್ನು ತೂತುಗಳಾಗಿ ಹೊತ್ತ ಕಾಗದದ ಪಟ್ಟಿ ಒಂದೊಂದೇ ಸಾಲು ಸರಿಯುವ ಸದ್ದು. ಜೇಬಿನಲ್ಲಿರುವ ಫೋನು ಒಂದು ಸೆಕೆಂಡಿಗೆ ಮಾಡುವ ಕೆಲಸವನ್ನು ಇದಕ್ಕೆ ಕೊಟ್ಟರೆ ನಮ್ಮ ಆಯುಷ್ಯ ಸಾಲದು. ಆದರೆ ಫೋನು ಏನು ಮಾಡುತ್ತಿದೆ ಎಂದು ನೋಡಲು ಯಾರಿಗೂ ಸಾಧ್ಯವಿಲ್ಲ. ಇಲ್ಲಿ ಹತ್ತು ವರ್ಷದ ಮಗುವೂ ನೋಡಿ ಅರ್ಥ ಮಾಡಿಕೊಳ್ಳುತ್ತದೆ.

ಬ್ರಿಟನ್ನಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1951ರ ಏಪ್ರಿಲ್‌ನಲ್ಲಿ ಇದು ಕೆಲಸ ಶುರುಮಾಡಿತು. ವೇಗ ಅದರ ಗುಣವಾಗಿರಲಿಲ್ಲ, ದಣಿವಿಲ್ಲದಿರುವುದು ಗುಣವಾಗಿತ್ತು. ಅಲ್ಲಿ ಕೈಯಂತ್ರ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದ ಬಾರ್ಟ್ ಫಾಸಿ ಎಂಬಾತ ಒಮ್ಮೆ ಇದರ ಜೊತೆ ಪಂದ್ಯಕ್ಕೆ ಕೂತ. ಅರ್ಧ ಗಂಟೆ ಸರಿಸಮ ನಡೆಸಿದ. ಆಮೇಲೆ ಕೈಸೋತು ಎದ್ದ. ಯಂತ್ರ ಅದೇ ಗತಿಯಲ್ಲಿ ಮುಂದುವರಿಯಿತು. ಇನ್ನೊಮ್ಮೆ ಕ್ರಿಸ್‌ಮಸ್ ರಜೆಗೆ ಹೊರಟವರು ಸಾಕಷ್ಟು ಪಟ್ಟಿ ತುಂಬಿಸಿ ಓಡಲು ಬಿಟ್ಟು ಹೋದರು. ಹತ್ತು ದಿನ ಕಳೆದು ಬಂದಾಗಲೂ ಅದು ಲೆಕ್ಕ ಮಾಡುತ್ತಲೇ ಇತ್ತು.

1957ರಲ್ಲಿ ಹಾರ್ವೆಲ್‌ನವರಿಗೆ ಇದು ಬೇಡವಾಯಿತು. ಗುಜರಿಗೆ ಹಾಕುವ ಬದಲು ಕಾಲೇಜುಗಳ ನಡುವೆ ಸ್ಪರ್ಧೆ ಇಟ್ಟರು: ಇದನ್ನು ಯಾರು ಚೆನ್ನಾಗಿ ಬಳಸಿಕೊಳ್ಳುತ್ತೀರೋ ಅವರಿಗೆ ಕೊಡುತ್ತೇವೆ ಅಂತ. ವುಲ್ವರ್‌ಹ್ಯಾಂಪ್ಟನ್‌ನ ತಾಂತ್ರಿಕ ಕಾಲೇಜು ಗೆದ್ದಿತು. 1973ರವರೆಗೆ ಅಲ್ಲಿ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸಿತು. ನಂತರ ಬರ್ಮಿಂಗ್‌ಹ್ಯಾಮ್‌ನ ವಿಜ್ಞಾನ ಮ್ಯೂಸಿಯಂ. ಅದೂ 1997ರಲ್ಲಿ ಮುಚ್ಚಿದ ಮೇಲೆ ಬಿಚ್ಚಿ ಉಗ್ರಾಣಕ್ಕೆ ಸೇರಿಸಿದರು. 2008ರಲ್ಲಿ ಆ ಉಗ್ರಾಣದ ಫೋಟೊ ಒಂದರಲ್ಲಿ ಇದರ ನಿಯಂತ್ರಣ ಫಲಕ ಕಾಣಿಸಿತು. ಗುರುತು ಹಿಡಿಯಬಲ್ಲ ಕಣ್ಣಿಗೆ ಕಾಣಿಸಿತು ಅನ್ನುವುದು ಮುಖ್ಯ, ಏಕೆಂದರೆ ಉಳಿದವರಿಗೆ ಅದು ಹಳೆಯ ಕಬ್ಬಿಣ. 2009ರಲ್ಲಿ ಬ್ಲೆಚ್ಲಿಗೆ ಸಾಗಿಸಿ, ಮೂರು ವರ್ಷ ಸ್ವಯಂಸೇವಕರು ಒರೆಸಿ, ಪರೀಕ್ಷಿಸಿ, ಜೋಡಿಸಿ, 2012ರ ನವೆಂಬರ್ 20ರಂದು ಮತ್ತೆ ಓಡಿಸಿದರು. ಬಹುಪಾಲು ಮೂಲ ಭಾಗಗಳೇ. ಮೊದಲಿನ ವಿನ್ಯಾಸದಂತೆಯೇ ಕೆಲಸ ಮಾಡುವ ಡಿಜಿಟಲ್ ಕಂಪ್ಯೂಟರುಗಳಲ್ಲಿ ಇದು ಜಗತ್ತಿನ ಅತಿ ಹಿರಿಯ ಎಂದು ಗಿನ್ನೆಸ್ ಪುಸ್ತಕ ಸೇರಿತು.

ಡೆಕಾಟ್ರಾನ್ ಕೊಳವೆಗಳಿಗೆ ಒಂದು ಸ್ವಭಾವವಿದೆ. ಸುಮ್ಮನೆ ಬಿಟ್ಟರೆ ಜಡ್ಡುಗಟ್ಟುತ್ತವೆ. ಚುಕ್ಕಿ ಒಂದು ಸ್ಥಾನದಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುವುದಿಲ್ಲ. ರಿಲೇಗಳೂ ಹಾಗೇ, ಕೆಲಸವಿಲ್ಲದಿದ್ದರೆ ಅವುಗಳ ಸಂಪರ್ಕಬಿಂದುಗಳಲ್ಲಿ ಕಿಲುಬು. ಇಂಥ ಯಂತ್ರವನ್ನು ಉಳಿಸಬೇಕಾದರೆ ಓಡಿಸುತ್ತಲೇ ಇರಬೇಕು. ಹಳೆಯ ಕಂಪ್ಯೂಟರುಗಳ ಲೋಕದಲ್ಲಿ ಎರಡು ಪಂಥಗಳಿವೆ. ಯಂತ್ರವನ್ನು ಇದ್ದ ಹಾಗೇ ಗಾಜಿನ ಹಿಂದೆ ಇಡಿ, ಮುಟ್ಟಿದರೆ ಸವೆಯುತ್ತದೆ ಎನ್ನುವವರು ಒಂದು ಕಡೆ. ಓಡಿಸದಿದ್ದರೆ ಅದು ಕಂಪ್ಯೂಟರೇ ಅಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆ. ನಿಂತುಹೋದ ಕೈಗಡಿಯಾರದಲ್ಲೂ ಮುಳ್ಳು ನೋಡಿ ಅದು ಯಾತಕ್ಕಿತ್ತು ಎಂದು ಊಹಿಸಬಹುದು. ನಿಂತುಹೋದ ಕಂಪ್ಯೂಟರ್ ಬರೀ ಬೀರು. ಅದರ ಜೀವವೆಲ್ಲ ಅದು ಮಾಡುವ ಕೆಲಸದಲ್ಲಿದೆ, ಆಕಾರದಲ್ಲಿಲ್ಲ.

ಸುಟ್ಟ ನಕ್ಷೆಯಿಂದ ಎದ್ದ ಯಂತ್ರ

ಬ್ಲೆಚ್ಲಿಯ ಅದೇ ಮ್ಯೂಸಿಯಂನ ಇನ್ನೊಂದು ಕೋಣೆಯಲ್ಲಿ ಎರಡನೇ ಮಹಾಯುದ್ಧ ಕಾಲದ ಕೊಲೋಸಸ್ ಯಂತ್ರ ಇದೆ. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹಬ್ಬಿದೆ: ಜರ್ಮನರ ಎನಿಗ್ಮಾ ಸಂಕೇತ ಭೇದಿಸಿದ್ದು ಇದೇ ಅಂತ. ಅಲ್ಲ. ಎನಿಗ್ಮಾ ಬೇರೆ, ಅದಕ್ಕೆ ಬಾಂಬ್ ಎಂಬ ಹೆಸರಿನ ಯಂತ್ರಗಳಿದ್ದವು. ಹಿಟ್ಲರನ ಸೇನೆಯ ಮೇಲಧಿಕಾರಿಗಳ ನಡುವಿನ ಸಂದೇಶಗಳು ಲೊರೆಂಝ್ ಎಂಬ, ಇನ್ನೂ ಜಟಿಲವಾದ ಸಂಕೇತಯಂತ್ರದ ಮೂಲಕ ಹೋಗುತ್ತಿದ್ದವು. ಬಿಲ್ ಟಟ್ ಎಂಬ ಗಣಿತಜ್ಞ ಆ ಯಂತ್ರವನ್ನು ಕಣ್ಣಿಂದ ನೋಡದೆ, ಬರೀ ಸಂದೇಶಗಳನ್ನು ಇಟ್ಟುಕೊಂಡು, ಅದರೊಳಗೆ ಎಷ್ಟು ಚಕ್ರಗಳಿವೆ, ಹೇಗೆ ತಿರುಗುತ್ತವೆ ಎಂದು 1942ರಲ್ಲಿ ಲೆಕ್ಕ ಹಾಕಿ ಹೇಳಿದ್ದ. ಆ ಚಕ್ರಗಳು ಪ್ರತಿ ಸಂದೇಶಕ್ಕೂ ಎಲ್ಲಿಂದ ಶುರುವಾಗುತ್ತವೆ ಎಂದು ಹುಡುಕುವ ಕೆಲಸಕ್ಕೆ ಕೊಲೋಸಸ್ ಹುಟ್ಟಿತು.

ಕಟ್ಟಿದವನು ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಪಳಗಿದ ಕೈ. ಸಾವಿರಗಟ್ಟಲೆ ವಾಲ್ವ್, ಅಂದರೆ ನಿರ್ವಾತ ಕೊಳವೆ, ಹಾಕಿದರೆ ದಿನಕ್ಕೊಂದು ಸುಡುತ್ತಲೇ ಇರುತ್ತದೆ, ಇಂಥ ಯಂತ್ರ ನಡೆಯುವುದಿಲ್ಲ ಎಂದು ಸುತ್ತಲಿನವರ ವಾದ. ಫ್ಲವರ್ಸ್‌ಗೆ ಅನುಭವದಿಂದ ಗೊತ್ತಿತ್ತು, ವಾಲ್ವ್ ಕೆಡುವುದು ಆರಿಸಿ ಹಚ್ಚುವಾಗ. ಆರಿಸದೇ ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಸುಮಾರು 1,600 ವಾಲ್ವ್‌ಗಳ ಮೊದಲ ಕೊಲೋಸಸ್ 1944ರ ಫೆಬ್ರುವರಿಯಲ್ಲಿ ಕೆಲಸಕ್ಕೆ ನಿಂತಿತು. ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಯಂತ್ರಗಳಿದ್ದವು, ಅವುಗಳನ್ನು ನಡೆಸುತ್ತಿದ್ದವರು ನೌಕಾಪಡೆಯ ಮಹಿಳಾ ದಳದ ಹುಡುಗಿಯರು.

ಯುದ್ಧ ಮುಗಿದ ಮೇಲೆ ಎರಡನ್ನು ಬಿಟ್ಟು ಉಳಿದವನ್ನು ಒಡೆದರು. ಉಳಿದ ಎರಡೂ 1960ರ ಹೊತ್ತಿಗೆ ಹೋದವು. ಮೇಲಿನವರ ಆದೇಶದಂತೆ ಫ್ಲವರ್ಸ್ ನಕ್ಷೆಗಳನ್ನು ತನ್ನ ಕೈಯಾರೆ ಕುಲುಮೆಗೆ ಹಾಕಿದ. ಸುಮಾರು ಮೂವತ್ತು ವರ್ಷ, ಇಂಥದ್ದೊಂದು ಇತ್ತು ಎಂದು ಹೇಳುವ ಹಾಗೂ ಇರಲಿಲ್ಲ.

1993ರಲ್ಲಿ ಟೋನಿ ಸೇಲ್ ಎಂಬ ಎಂಜಿನಿಯರ್ ಇದನ್ನು ಮತ್ತೆ ಕಟ್ಟುತ್ತೇನೆಂದು ಹೊರಟಾಗ ಕೈಯಲ್ಲಿದ್ದದ್ದು 1945ರ ಕೆಲವೇ ಫೋಟೊಗಳು, ಆಗಿನ ಎಂಜಿನಿಯರುಗಳು ನಿಯಮ ಮುರಿದು ಮನೆಯಲ್ಲಿ ಇಟ್ಟುಕೊಂಡಿದ್ದ ಸರ್ಕ್ಯೂಟಿನ ಚೂರುಪಾರು ಕಾಗದಗಳು, ಮತ್ತು ಬದುಕಿದ್ದ ಒಂದಿಷ್ಟು ಜನರ ನೆನಪು. ಅದೃಷ್ಟಕ್ಕೆ ಆ ದಿನಗಳಲ್ಲೇ ಬ್ರಿಟಿಷ್ ಟೆಲಿಕಾಂ ಹಳೆಯ ಎಕ್ಸ್‌ಚೇಂಜ್‌ಗಳನ್ನು ಕಳಚುತ್ತಿತ್ತು. ಫ್ಲವರ್ಸ್ ಬಳಸಿದ್ದ ಜಾತಿಯ ಬಿಡಿಭಾಗಗಳೇ ಅಲ್ಲಿ ಸಿಕ್ಕವು. ಹದಿನಾಲ್ಕು ವರ್ಷದ ಮೇಲೆ, 2007ರಲ್ಲಿ, ಯಂತ್ರ ಪೂರ್ತಿಯಾಗಿ ಓಡಿತು; ಅದೂ ಮೂಲ ಕೊಲೋಸಸ್‌ಗಳಲ್ಲಿ ಒಂಬತ್ತನೆಯದು ನಿಂತಿದ್ದ ಜಾಗದಲ್ಲೇ.

ಆ ನವೆಂಬರ್‌ನಲ್ಲಿ ಒಂದು ಸ್ಪರ್ಧೆ ನಡೆಸಿದರು. ಜರ್ಮನಿಯಿಂದ ರೇಡಿಯೊದಲ್ಲಿ ಲೊರೆಂಝ್ ಸಂಕೇತದ ಸಂದೇಶ ಕಳಿಸುವುದು, ಯಾರು ಬೇಕಾದರೂ ಬಿಡಿಸಬಹುದು. ಬಾನ್ ನಗರದ ಪ್ರೋಗ್ರಾಮರ್ ಒಬ್ಬರು ಕೊಲೋಸಸ್‌ಗಿಂತ ಮೊದಲೇ ಬಿಡಿಸಿಬಿಟ್ಟರು. ಅವರ ಲ್ಯಾಪ್‌ಟಾಪಿಗೆ ಚಕ್ರಗಳ ಸ್ಥಾನ ಹುಡುಕಲು ಹಿಡಿದದ್ದು 46 ಸೆಕೆಂಡು. ಕೊಲೋಸಸ್‌ಗೆ ಮೂರೂವರೆ ಗಂಟೆ. ಸೋಲು ಅನ್ನುವವರು ಅನ್ನಲಿ. 1944ರ ಯಂತ್ರಕ್ಕೂ ಅರವತ್ತಮೂರು ವರ್ಷ ಕಿರಿಯ ಲ್ಯಾಪ್‌ಟಾಪಿಗೂ ಇರುವ ಅಂತರ ಮುನ್ನೂರು ಪಟ್ಟಿನ ಆಸುಪಾಸು ಅಂದರೆ, ನನಗೆ ಅದು ಲ್ಯಾಪ್‌ಟಾಪಿನ ಹೊಗಳಿಕೆಯಾಗಿ ಕೇಳಿಸುವುದಿಲ್ಲ.

ಟೋನಿ ಸೇಲ್ 2011ರಲ್ಲಿ ತೀರಿಕೊಂಡರು. ಯಂತ್ರ ಇನ್ನೂ ಓಡುತ್ತಿದೆ, ಯಾಕೆಂದರೆ ಅವರ ಜೊತೆ ಕೈ ಹಚ್ಚಿದವರು ಕಲಿತುಕೊಂಡಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಮ್ಮ ರೈಲ್ವೆಯ ಸಂಬಂಧಿ ಕ್ಯಾಲಿಫೋರ್ನಿಯಾದಲ್ಲಿ

ಅಮೆರಿಕದ ಮೌಂಟನ್ ವ್ಯೂ ಪಟ್ಟಣದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಬೇ ಏರಿಯಾದ ಕನ್ನಡಿಗರು ಊರಿಂದ ಬಂದ ಅಪ್ಪ-ಅಮ್ಮಂದಿರನ್ನು ಕರೆದುಕೊಂಡು ಹೋಗುವುದುಂಟು. ಹೋದವರು ಐಬಿಎಂ 1401 ಇರುವ ಕೋಣೆಯನ್ನು ತಪ್ಪಿಸಬಾರದು. 1959ರಲ್ಲಿ ಪ್ರಕಟವಾದ ಯಂತ್ರ. ಹತ್ತು ಸಾವಿರಕ್ಕೂ ಮೇಲೆ ತಯಾರಾದವು. ಇಲ್ಲಿ ಎರಡಿವೆ. ಒಂದು ಜರ್ಮನಿಯ ಹಾಮ್ ಊರಿನಿಂದ ಬಂದದ್ದು, ಇನ್ನೊಂದು ಕನೆಕ್ಟಿಕಟ್ ರಾಜ್ಯದ ಮನೆಯೊಂದರ ನೆಲಮಾಳಿಗೆಯಿಂದ. ಜರ್ಮನಿಯದು 50 ಹರ್ಟ್ಸ್ ವಿದ್ಯುತ್ತಿಗೆ ಒಗ್ಗಿದ್ದು, ಅಮೆರಿಕದ ಕರೆಂಟು 60. ಅದಕ್ಕೇ ಬೇರೆ ಪರಿವರ್ತಕ ಬೇಕಾಯಿತು. ದುರಸ್ತಿ ಮಾಡಿದವರು ನಿವೃತ್ತ ಐಬಿಎಂ ಎಂಜಿನಿಯರುಗಳು. ವಾರ ವಾರ ಬಂದು ವರ್ಷಗಟ್ಟಲೆ ದುಡಿದರು, ಸಂಬಳವಿಲ್ಲ.

ಅಲ್ಲಿ ನೋಡಲು ಹೋದವರ ಹೆಸರನ್ನೇ ಕಾರ್ಡಿನಲ್ಲಿ ತೂತು ಕೊರೆದು ಕೊಡುತ್ತಾರೆ. ಕೀಪಂಚ್ ಯಂತ್ರದ ಒಂದೊಂದು ಕೀಲಿ ಒತ್ತಿದಾಗಲೂ ಕೈಗೆ ಒಂದು ಹೊಡೆತ ತಾಗುತ್ತದೆ. 80 ಕಾಲಮ್ಮಿನ ದಪ್ಪ ಕಾಗದದಲ್ಲಿ ಸಣ್ಣ ಆಯತಾಕಾರದ ತೂತುಗಳು ಬೀಳುತ್ತವೆ. ಕಾರ್ಡುಗಳ ಕಟ್ಟನ್ನು ರೀಡರಿಗೆ ಇಟ್ಟರೆ ಫರ್ರನೆ ನುಂಗುತ್ತದೆ. ಆಮೇಲೆ 1403 ಪ್ರಿಂಟರ್ ಬಾಯಿ ಬಿಡುತ್ತದೆ. ನಿಮಿಷಕ್ಕೆ 600 ಸಾಲು. ಅಕ್ಷರಗಳ ಸರಪಳಿಯೊಂದು ಅಡ್ಡಡ್ಡ ಓಡುತ್ತಿರುತ್ತದೆ, ಬೇಕಾದ ಅಕ್ಷರ ಎದುರಿಗೆ ಬಂದ ಕ್ಷಣಕ್ಕೆ ಹಿಂದಿನಿಂದ ಸುತ್ತಿಗೆ ಬಡಿಯುತ್ತದೆ. ಆ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ.

ನಮ್ಮಲ್ಲಿ ಎಪ್ಪತ್ತು ದಾಟಿದವರಿಗೆ ಈ ಯಂತ್ರ ಹೊಸದಲ್ಲ. ಭಾರತದಲ್ಲಿ ಅರವತ್ತು-ಎಪ್ಪತ್ತರ ದಶಕದಲ್ಲಿ ಅತಿ ಹೆಚ್ಚು ಕಂಡುಬಂದ ಕಂಪ್ಯೂಟರ್ ಇದೇ. ರೈಲ್ವೆಯ ವಲಯ ಕಚೇರಿಗಳಲ್ಲಿ ಸಂಬಳದ ಲೆಕ್ಕ, ಸರಕು ಸಾಗಣೆಯ ಲೆಕ್ಕ ಎಲ್ಲ ಇದರಲ್ಲೇ. ಬೇರೆ ದೇಶಗಳು ಹೊಸ ಮಾದರಿಗೆ ಹೋದಾಗ ಬಿಟ್ಟ 1401ಗಳನ್ನು ಐಬಿಎಂ ಇಲ್ಲಿಗೆ ತಂದು, ಒಪ್ಪ ಮಾಡಿ, ಬಾಡಿಗೆಗೆ ಕೊಡುತ್ತಿತ್ತು. ಹಳೆಯ ಮಾಲನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆಂದು ಸಂಸತ್ತಿನವರೆಗೂ ಗದ್ದಲವಾಯಿತು. ಕೊನೆಗೆ 1978ರಲ್ಲಿ ಕಂಪನಿ ದೇಶ ಬಿಟ್ಟಿತು. ಅಷ್ಟು 1401ಗಳಿದ್ದ ದೇಶದವರು ಈಗ ಓಡುವ ಒಂದನ್ನು ನೋಡಬೇಕಾದರೆ ವೀಸಾ ಮಾಡಿಸಬೇಕು.

ಅದೇ ಮ್ಯೂಸಿಯಂನಲ್ಲಿ ಪಿಡಿಪಿ-1 ಕೂಡ ಓಡುತ್ತದೆ. ಅದರ ದುಂಡನೆಯ ಪರದೆಯಲ್ಲಿ 1962ರ ಸ್ಪೇಸ್‌ವಾರ್ ಆಟ ಆಡಬಹುದು. ಮಕ್ಕಳನ್ನು ಎಬ್ಬಿಸಿಕೊಂಡು ಬರುವುದು ಕಷ್ಟ.

ಒಬ್ಬನೇ ಸಾಕಿದರೆ

ಈಗ ಸಿಯಾಟಲ್‌ನ ಕಥೆ. ಬಿಲ್ ಗೇಟ್ಸ್ ಜೊತೆ ಮೈಕ್ರೋಸಾಫ್ಟ್ ಕಟ್ಟಿದ ಪಾಲ್ ಅಲೆನ್ ಹೈಸ್ಕೂಲು ಹುಡುಗನಾಗಿದ್ದಾಗ ಪಿಡಿಪಿ-10 ಎಂಬ ಯಂತ್ರದ ಹುಚ್ಚು ಹಿಡಿಸಿಕೊಂಡವರು. ಕಂಪನಿಯ ಮೊದಲ ಸರಕಾದ ಬೇಸಿಕ್ ಭಾಷೆಯ ತಂತ್ರಾಂಶವನ್ನು 1975ರಲ್ಲಿ ತಯಾರಿಸಿದ್ದೂ ಹಾರ್ವರ್ಡ್‌ನ ಪಿಡಿಪಿ-10ರ ಮೇಲೆ. ಇದೇ ಕುಟುಂಬದ ಡೆಕ್-10 ಯಂತ್ರದಲ್ಲಿ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಸರದಿ ಕಾದು ಪ್ರೋಗ್ರಾಂ ಓಡಿಸುತ್ತಿದ್ದರು. ದುಡ್ಡು ಬಂದ ಮೇಲೆ ಅಲೆನ್ ಆ ಹುಚ್ಚನ್ನು ಬಿಡಲಿಲ್ಲ. 2012ರಲ್ಲಿ ಲಿವಿಂಗ್ ಕಂಪ್ಯೂಟರ್ಸ್ ಎಂಬ ಮ್ಯೂಸಿಯಂ ತೆರೆದರು. ನಿಯಮ ಒಂದೇ: ಇಲ್ಲಿರುವುದೆಲ್ಲ ಓಡಬೇಕು, ಬಂದವರು ಮುಟ್ಟಿ ಬಳಸಬೇಕು. ಸಂಬಳದ ಮೇಲೆ ಎಂಜಿನಿಯರುಗಳಿದ್ದರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಸಿಡಿಸಿ 6500 ಎಂಬ, ನೀರು ಹರಿಸಿ ತಣಿಸಬೇಕಾದ ದೈತ್ಯನನ್ನು ತಂದು ವರ್ಷಗಟ್ಟಲೆ ಕೆಲಸ ಮಾಡಿ ಓಡಿಸಿದರು. ಹೊರಗಿನವರು ಮನೆಯಿಂದಲೇ ಇಂಟರ್‌ನೆಟ್ ಮೂಲಕ ಅಲ್ಲಿನ ಹಳೆಯ ಯಂತ್ರಗಳಿಗೆ ಲಾಗಿನ್ ಆಗಬಹುದಿತ್ತು. ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿರಲಿಲ್ಲ.

2018ರಲ್ಲಿ ಅಲೆನ್ ತೀರಿಕೊಂಡರು. 2020ರಲ್ಲಿ ಕೋವಿಡ್ ಹೆಸರಿನಲ್ಲಿ ಬಾಗಿಲು ಹಾಕಿದ ಮ್ಯೂಸಿಯಂ ಮತ್ತೆ ತೆರೆಯಲೇ ಇಲ್ಲ. 2024ರಲ್ಲಿ ಸಂಗ್ರಹದ ಹಲವು ಯಂತ್ರಗಳು ಕ್ರಿಸ್ಟೀಸ್ ಹರಾಜಿಗೆ ಬಂದವು. ಸ್ಟೀವ್ ಜಾಬ್ಸ್ ಕಚೇರಿಯಲ್ಲಿದ್ದ ಆ್ಯಪಲ್-1 ಒಂಬತ್ತು ಲಕ್ಷ ಡಾಲರಿಗೂ ಮೀರಿ ಹೋಯಿತು. 1976ರಲ್ಲಿ ಆ ಬೋರ್ಡಿನ ಬೆಲೆ 666 ಡಾಲರ್ 66 ಸೆಂಟ್. ಹರಾಜಿನ ಹಣ ದಾನಕ್ಕೆ ಹೋಗಲಿ ಎಂಬುದು ಅಲೆನ್ ಅವರ ಇಚ್ಛೆಯಾಗಿತ್ತು, ಆ ಬಗ್ಗೆ ಯಾರೂ ತಕರಾರು ಎತ್ತುವ ಹಾಗಿಲ್ಲ. ಆದರೆ ಯಂತ್ರ ಕೊಂಡವನಿಗೆ ಅದನ್ನು ಓಡಿಸುತ್ತಿದ್ದ ತಂಡ ಸಿಗುವುದಿಲ್ಲ.

ಬ್ಲೆಚ್ಲಿಯವರಿಗೆ ಅಲೆನ್‌ಗಿದ್ದ ಹಣದ ಒಂದು ಪಾಲೂ ಇಲ್ಲ. ಟಿಕೆಟ್ ದುಡ್ಡು, ದೇಣಿಗೆ, ನಿವೃತ್ತರ ಬಿಡುವು, ಇಷ್ಟರಲ್ಲೇ ನಡೆಯುತ್ತದೆ. 1949ರ ಎಡ್‌ಸ್ಯಾಕ್ ಎಂಬ ಕೇಂಬ್ರಿಜ್ ಯಂತ್ರವನ್ನು ಅಲ್ಲಿ 2011ರಿಂದ ಹೊಸದಾಗಿ ಕಟ್ಟಲು ತೊಡಗಿದ್ದೂ ಸ್ವಯಂಸೇವಕರೇ. ದೊಡ್ಡ ಧಣಿಯೊಬ್ಬನ ಕೈಯಲ್ಲಿರುವ ಅಚ್ಚುಕಟ್ಟಾದ ಸಂಗ್ರಹಕ್ಕಿಂತ, ಹತ್ತು ಜನ ಜಗಳವಾಡುತ್ತ ನಡೆಸುವ ಬಡ ಸಂಗ್ರಹವೇ ಹೆಚ್ಚು ದಿನ ಬಾಳುತ್ತದೆ ಎಂದು ನನಗೆ ಅನ್ನಿಸುವುದು ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ನಮ್ಮ ಯಂತ್ರಗಳು ಎಲ್ಲಿ ಹೋದವು

ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಎಚ್‌ಇಸಿ-2ಎಂ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕಾಲದಲ್ಲಿ, 1955ರಲ್ಲಿ, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಇಂಗ್ಲೆಂಡಿನಿಂದ ಪೆಟ್ಟಿಗೆಗಳಲ್ಲಿ ಬಂತು. ಅದರ ಮೂಲಮಾದರಿಯನ್ನು ಬ್ರಿಟನ್ನಿನವರು ಇನ್ನೂ ಉಳಿಸಿಕೊಂಡಿದ್ದಾರೆ. ಮುಂಬಯಿಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನವರು ತಾವೇ ಕಟ್ಟಿದ ಟಿಫ್ರ್ಯಾಕ್ 1960ರಲ್ಲಿ ಕೆಲಸಕ್ಕೆ ನಿಂತಿತು. 2,700 ವಾಲ್ವ್, 2,048 ಪದಗಳ ಕಾಂತೀಯ ಸ್ಮೃತಿ. 1962ರಲ್ಲಿ ಹೆಸರಿಟ್ಟವರು ನೆಹರೂ. ಆದರೆ ಕಟ್ಟಿ ಮುಗಿಸುವಷ್ಟರಲ್ಲಿ ಜಗತ್ತು ಟ್ರಾನ್ಸಿಸ್ಟರಿಗೆ ದಾಟಿತ್ತು, ಅರವತ್ತರ ದಶಕದ ನಡುವಿಗೆ ಅದರ ಕೆಲಸ ಮುಗಿಯಿತು. ಆ ಕಾಲಕ್ಕೆ ಅದು ಹಳೆಯದಾಗಿದ್ದು ದೊಡ್ಡ ಮಾತಲ್ಲ, ಎಲ್ಲ ಕಡೆಯೂ ಹಾಗೇ ಆಗಿದೆ. ಓಡುವ ಸ್ಥಿತಿಯಲ್ಲಿ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲವಲ್ಲ, ಅದು ಮಾತ್ರ ನೋವಿನ ಸಂಗತಿ.

ಬೆಂಗಳೂರಿನದೇ ಒಂದು ಯಂತ್ರದ ಮಾತು. ಇನ್ಫೊಸಿಸ್ 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂದದ್ದು ಮೈಕೊ ಕಾರ್ಖಾನೆಯ ಕೆಲಸ ಸಿಕ್ಕಿದ್ದರಿಂದ. ಕಂಪನಿಯ ಮೊದಲ ಕಂಪ್ಯೂಟರ್ ಡೇಟಾ ಜನರಲ್ ಎಂವಿ/8000. ಅಮೆರಿಕದಲ್ಲಿ ಒಂದು ತಂಡ ಹಗಲುರಾತ್ರಿ ಒದ್ದಾಡಿ ಈ ಮಾದರಿಯನ್ನು ಹುಟ್ಟಿಸಿದ ಕಥೆಯನ್ನು ಟ್ರೇಸಿ ಕಿಡರ್ ಪುಸ್ತಕವಾಗಿ ಬರೆದು ಪುಲಿಟ್ಜರ್ ಪಡೆದ. ಐಟಿ ಊರು ಅಂತ ಹೆಸರಾದ ಊರಿನ ಚರಿತ್ರೆಯಲ್ಲಿ ಇಂಥ ಒಂದು ಯಂತ್ರದ ಮುಂದೆ ನಿಂತು ಕೀಲಿ ಒತ್ತುವ ಅವಕಾಶ ಮಕ್ಕಳಿಗೆ ಇರಬೇಕಿತ್ತು. ಎಚ್‌ಎಎಲ್ ತನ್ನ ವಿಮಾನಗಳಿಗೆ ಮ್ಯೂಸಿಯಂ ಮಾಡಿತು, ಎಚ್‌ಎಂಟಿ ಗಡಿಯಾರಗಳಿಗೆ ಮಾಡಿತು. ಓಡುವ ಕಂಪ್ಯೂಟರುಗಳಿಗೂ ಅಂಥದ್ದೊಂದು ಮನೆ ಈ ಊರಿಗೆ ಸಲ್ಲಬೇಕಾದ ಬಾಕಿ.

ದೊಡ್ಡ ಯಂತ್ರಗಳ ಕಾಲ ಹೋಯಿತು, ಸಣ್ಣವು ಇನ್ನೂ ಸಿಗುತ್ತವೆ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕೊಟ್ಟಿತ್ತು. ಕರಿ ಕೀಲಿಗಳ ನೆತ್ತಿಯಲ್ಲಿ ಕೆಂಪು-ಕಿತ್ತಳೆ ಬಣ್ಣದ ಫಂಕ್ಷನ್ ಕೀಲಿಗಳ ಸಾಲು, 32 ಕಿಲೊಬೈಟ್ ಸ್ಮೃತಿ. ಬ್ಲೆಚ್ಲಿಯಲ್ಲಿ ಒಂದು ತರಗತಿಯ ತುಂಬ ಇವನ್ನೇ ಜೋಡಿಸಿಟ್ಟಿದ್ದಾರೆ. ಯಾರು ಬೇಕಾದರೂ ಕೂತು ಬೇಸಿಕ್‌ನಲ್ಲಿ ಎರಡು ಸಾಲು ಬರೆದು ತಮ್ಮ ಹೆಸರು ಪರದೆ ತುಂಬ ಓಡಿಸಬಹುದು. ನಮ್ಮಲ್ಲಿ ಇವು ಎಷ್ಟೋ ಶಾಲೆಗಳ ಲ್ಯಾಬ್ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತು, ಆಮೇಲೆ ತೂಕಕ್ಕೆ ಹೋದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಗುಜರಿ ಅಂಗಡಿಗಳಲ್ಲಿ ಹಳೆಯ ಬೋರ್ಡಿನ ಬೆಲೆ ಗಟ್ಟಿಯಾಗುವುದು ಅದರ ಅಂಚಿನಲ್ಲಿರುವ ಚಿನ್ನದ ಲೇಪದ ಮೇಲೆ. ಸಂಗ್ರಹಕಾರ ಅಲ್ಲಿ ಪೈಪೋಟಿ ನಡೆಸಬೇಕಾದದ್ದು ಇನ್ನೊಬ್ಬ ಸಂಗ್ರಹಕಾರನ ಜೊತೆ ಅಲ್ಲ, ಆ್ಯಸಿಡ್ ಡಬ್ಬದ ಜೊತೆ.

ತಂದ ಮೇಲೆ ಮೊದಲ ತಪ್ಪು ಎಲ್ಲರದೂ ಒಂದೇ: ಪ್ಲಗ್ ಚುಚ್ಚಿ ಸ್ವಿಚ್ ಹಾಕುವುದು. ಇಪ್ಪತ್ತು ವರ್ಷ ಮಲಗಿದ ಯಂತ್ರಕ್ಕೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಪವರ್ ಸಪ್ಲೈನ ಕೆಪಾಸಿಟರ್ ಸಿಡಿಯುತ್ತದೆ. ಬಿಬಿಸಿ ಮೈಕ್ರೊದೊಳಗಿನ ಪಾರದರ್ಶಕ ಹಳದಿ ಕವಚದ ಕಾಗದದ ಕೆಪಾಸಿಟರುಗಳು ಇದಕ್ಕೆ ಹೆಸರುವಾಸಿ. ಕವಚ ಬಿರುಕು ಬಿಟ್ಟು ಒಳಗೆ ತೇವ ಸೇರಿರುತ್ತದೆ, ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ಕೋಣೆ ತುಂಬ ನಾತದ ಹೊಗೆ. ವಿದೇಶಿ ಸಂಗ್ರಹಕಾರರು ವೇರಿಯಾಕ್ ಇಟ್ಟುಕೊಂಡು ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾರೆ. ನಮ್ಮೂರ ಟಿವಿ ರಿಪೇರಿಯವರ ಬಳಿ ಅದಕ್ಕಿಂತ ಸರಳ ಉಪಾಯವಿದೆ, ಸೀರೀಸ್ ಬಲ್ಬ್. ಯಂತ್ರದ ದಾರಿಯಲ್ಲಿ ನೂರು ವ್ಯಾಟಿನ ಹಳೆಯ ಬಲ್ಬೊಂದನ್ನು ಸಿಕ್ಕಿಸಿ ಸ್ವಿಚ್ ಹಾಕುತ್ತಾರೆ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಝಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಬಿಚ್ಚಬೇಕು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳನ್ನು ಮಾತ್ರ ಗೊತ್ತಿಲ್ಲದವರು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ನಿಂತಿರುತ್ತದೆ.

ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ಹವ್ಯಾಸವೂ ಇದೆ. ಅದು ಸಿಂಗಾರ. ಆಮೇಲೆ ಮತ್ತೆ ಹಳದಿಯಾಗುತ್ತದೆ, ಬಿಡಿ.

ಕನ್ನಡ ಸಿಕ್ಕಿಹಾಕಿಕೊಂಡಿರುವ ಪೆಟ್ಟಿಗೆಗಳು

ಕರ್ನಾಟಕದಲ್ಲಿ ಈಗ ತುರ್ತಾಗಿ ಉಳಿಸಬೇಕಾದದ್ದು ಹೆಸರಾಂತ ಯಂತ್ರಗಳಲ್ಲ. ಜಿಲ್ಲೆ, ತಾಲ್ಲೂಕು ಕೇಂದ್ರಗಳ ಮುದ್ರಣಾಲಯಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ಲೇಖಕರ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ತೊಂಬತ್ತರ ದಶಕದ ಮಾಮೂಲಿ ಪಿಸಿಗಳು. ಅಚ್ಚುಮೊಳೆ ಬಿಟ್ಟು ಡಿಟಿಪಿಗೆ ಬಂದ ಕಾಲದ ಕನ್ನಡವೆಲ್ಲ ಅವುಗಳಲ್ಲಿದೆ. ಆಗ ಯುನಿಕೋಡ್ ಬಳಕೆಗೆ ಬಂದಿರಲಿಲ್ಲ. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಬೇಕಾದರೆ ಜಿಸ್ಟ್ ಕಾರ್ಡ್ ಎಂಬ ಬೋರ್ಡನ್ನೇ ಕಂಪ್ಯೂಟರಿನೊಳಗೆ ಸಿಕ್ಕಿಸಬೇಕಿತ್ತು. ಕೆ.ಪಿ. ರಾವ್ ಅವರು ತಮ್ಮ ಕೀಲಿಮಣೆ ವಿನ್ಯಾಸದೊಂದಿಗೆ ‘ಸೇಡಿಯಾಪು’ ತಂತ್ರಾಂಶವನ್ನು ಮಾಡಿದ್ದು ಆ ಕಾಲದ ಯಂತ್ರಗಳಿಗೆ. ಆಮೇಲೆ ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಬಂದವು. ಇವುಗಳಲ್ಲಿ ಹಲವುಗಳ ಒಳಗಿನ ಅಕ್ಷರ ಸಂಕೇತ ಬೇರೆಬೇರೆ. ಆ ಫಾಂಟ್ ಇಲ್ಲದೆ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಬರಹ, ನುಡಿ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ. ಉಳಿದವಕ್ಕೆ ಹಲವು ಸಲ ಹಳೆಯ ತಂತ್ರಾಂಶವೇ ಗತಿ, ಅದಕ್ಕೆ ಹಳೆಯ ಯಂತ್ರ, ಆ ಯಂತ್ರದ ಬೆನ್ನಿಗೆ ಸಿಕ್ಕಿಸುವ ಡಾಂಗಲ್. ಬೆಂಕಿಪೊಟ್ಟಣದಷ್ಟಿರುವ ಆ ಪ್ಲಗ್ ಇಲ್ಲದಿದ್ದರೆ ತಂತ್ರಾಂಶ ಬಾಗಿಲೇ ತೆಗೆಯುತ್ತಿರಲಿಲ್ಲ. ಗುಜರಿಗೆ ಹೋಗುವಾಗ ಮೊದಲು ಕಳೆದುಹೋಗುವುದೂ ಅದೇ.

ಕರಾವಳಿ, ಮಲೆನಾಡಿನ ಹವೆಗೆ ಫ್ಲಾಪಿಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವಿಗೆ ತುರುಕಿದರೆ ಹೆಡ್ ಕೊಳೆಯಾಗಿ ಮುಂದಿನದ್ದೂ ಹಾಳು. ಚೊಕ್ಕ ಮಾಡಿದ ಮೇಲೆ, ಗ್ರೀಸ್‌ವೀಜಲ್ ಎಂಬ ಸಣ್ಣ ಬೋರ್ಡಿನಿಂದ ಹಳೆಯ ಫ್ಲಾಪಿ ಡ್ರೈವನ್ನು ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಮೇಲಿನ ಕಾಂತೀಯ ಗುರುತುಗಳನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಬಹುದು. ನಕಲು ಸಿಕ್ಕಿತೆಂದರೆ ಓದುವ ಕೆಲಸವನ್ನು ನಿಧಾನವಾಗಿ ಮಾಡಬಹುದು. ಫ್ಲಾಪಿ ಮಾತ್ರ ಕಾಯುವುದಿಲ್ಲ.

ಹಾಗಾಗಿ ಮನೆಯಲ್ಲೋ ಕಚೇರಿಯಲ್ಲೋ ಇಂಥ ಪೆಟ್ಟಿಗೆ ಇದ್ದರೆ ಈ ವಾರವೇ ಒಂದು ಕೆಲಸ ಮಾಡಿ. ಸ್ವಿಚ್ ಹಾಕಬೇಡಿ. ಮುಚ್ಚಳ ತೆಗೆದು ಮದರ್‌ಬೋರ್ಡಿನ ಮೇಲೆ ನೀಲಿ ಪೀಪಾಯಿಯಂಥ ಬ್ಯಾಟರಿ ಇದೆಯೇ ನೋಡಿ. 286, 386 ಕಾಲದ ಬೋರ್ಡುಗಳನ್ನು ತಿಂದುಹಾಕುವುದು ಅದರಿಂದ ಸೋರುವ ರಸ. ತಿಳಿದವರಿಂದ ಕತ್ತರಿಸಿ ತೆಗೆಸಿ. ಡಾಂಗಲ್, ಫ್ಲಾಪಿ, ಕೈಪಿಡಿ, ಫಾಂಟಿನ ಡಿಸ್ಕು ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿ, ಮೇಲೆ ಯಾವ ಯಂತ್ರದ್ದೆಂದು ಬರೆದಿಡಿ. ಆಮೇಲೆ ಆ ಯಂತ್ರದಲ್ಲಿ ಕೂತು ಪುಟ ಕಟ್ಟುತ್ತಿದ್ದ ಡಿಟಿಪಿ ಆಪರೇಟರ್ ಯಾರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಯಾವ ಫಾಂಟು, ಯಾವ ಕೀಲಿಮಣೆ, ಯಾವ ಫೋಲ್ಡರು ಎಂದು ಹೇಳಬಲ್ಲವರು ಅವರೇ. ಅವರನ್ನು ಕೂರಿಸಿಕೊಂಡು ಕೇಳಿ, ಬರೆದಿಟ್ಟುಕೊಳ್ಳಿ. ಟೋನಿ ಸೇಲ್‌ಗೆ ಸಿಕ್ಕಿದ್ದೂ ಅಂಥವರೇ.